ಒಂದೂವರೆ ಇಂಚು

ನನ್ನ ಸಿಟ್ಟು ನಮ್ಮ ಬೀದಿಗೆಲ್ಲ ಗೊತ್ತು. ಹೇಳಿದ ದಿನಕ್ಕೆ ಬಟ್ಟೆ ಕೊಡುತ್ತೇನೆ, ನಾನು ಹಾಕಿದ ಹೊಲಿಗೆ ಬಿಚ್ಚಿಕೊಳ್ಳುವುದಿಲ್ಲ. ಆದರೆ ಕಾಲರ್ ಹೀಗಿರಲಿ, ಬೇಡ ಹಾಗಿರಲಿ ಎಂದು ಮೂರು ಸಲ ಮಾತು ಬದಲಾಯಿಸಿದವರನ್ನು ಅವರ ಬಟ್ಟೆಯ ಸಮೇತ ಮೆಟ್ಟಿಲಿಳಿಸಿ ಕಳಿಸಿದ್ದೇನೆ. ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಾಳೆ ಎನ್ನುತ್ತಾರೆ. ನಿಜ. ಇಪ್ಪತ್ತೆಂಟು ವರ್ಷದಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಸುಳ್ಳು ಹೇಳುತ್ತಿದ್ದದ್ದು ಒಂದೇ ಹೊತ್ತಿನಲ್ಲಿ, ಅಳತೆಯ ಟೇಪು ಕೈಯಲ್ಲಿದ್ದಾಗ.

ಟೇಪು ಸೊಂಟಕ್ಕೆ ತಾಗಿದ ಕೂಡಲೇ ಹೆಂಗಸರು ಉಸಿರು ಒಳಗೆಳೆದುಕೊಳ್ಳುತ್ತಾರೆ. ವಕೀಲೆಯೂ ಅಷ್ಟೇ, ಕಸ ಗುಡಿಸುವವಳೂ ಅಷ್ಟೇ. ಮೂವತ್ತಾರು ಇದ್ದರೆ ನಾನು "ಮೂವತ್ನಾಲ್ಕೂವರೆ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಅವರು ಉಸಿರು ಬಿಡುತ್ತಿದ್ದರು, ಮುಖ ಅರಳುತ್ತಿತ್ತು. ನಾನು ಸುಮ್ಮನೆ ಚೀಟಿಯಲ್ಲಿ ಮೂವತ್ತಾರು ಬರೆದುಕೊಳ್ಳುತ್ತಿದ್ದೆ. ಯಾವಾಗಲೂ ಒಂದೂವರೆ ಇಂಚು ಕಡಿಮೆ, ಯಾರಿಗಾದರೂ ಅಷ್ಟೇ. ನನಗೆ ಕೆಲಸ ಕಲಿಸಿದ ಹೆಂಗಸು ಹೇಳಿಕೊಟ್ಟಿದ್ದಳು: "ಬಾಯಲ್ಲಿ ಏನಾದ್ರೂ ಹೇಳ್ಕೋ, ಚೀಟೀಲಿ ಮಾತ್ರ ಇದ್ದದ್ದೇ ಬರಿ." ಹಾಗಾಗಿ ಚೀಟಿಯಲ್ಲಿ ಇದ್ದದ್ದನ್ನು ನಾನು ಯಾವತ್ತೂ ಅನುಮಾನಿಸಿದವಳಲ್ಲ.

ನಮ್ಮ ಮನೆಯಲ್ಲಿ ಮೂವರು. ನಾನು, ನನ್ನ ತಂಗಿ, ತಂಗಿಯ ಮಗಳು. ಮುಂದಿನ ಕೋಣೆಯೇ ನನ್ನ ಅಂಗಡಿ. ಎರಡು ಮಷೀನು, ಕತ್ತರಿಸುವ ಉದ್ದ ಮೇಜು, ಬಾಗಿಲ ಹಿಂದೆ ಆಳೆತ್ತರದ ಕನ್ನಡಿ. ತಂಗಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ. ಅವಳ ಮಗಳು ಏಳು ತಿಂಗಳಿಗೇ ಹುಟ್ಟಿ ಅಂಗೈಯಗಲ ಇದ್ದಳು, ಅವತ್ತಿಂದ ಅವಳಿಗೆ ಗುಬ್ಬಿ ಎಂದೇ ಹೆಸರು. ಗುಬ್ಬಿಗೆ ಈಗ ಹತ್ತೊಂಬತ್ತು ವರ್ಷ, ಸೈಕಲ್ ರೇಸಿನವಳು. ದೂರದ ರೇಸಲ್ಲ. ಇಳಿಜಾರು ಗೋಡೆಯ ಹಾಗಿರುವ ಸಿಮೆಂಟು ಟ್ರ್ಯಾಕಿನ ಮೇಲೆ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಎರಡು ಸುತ್ತು, ಐನೂರು ಮೀಟರು, ಅಷ್ಟೇ. ನಿಂತ ಜಾಗದಿಂದ ಸೈಕಲ್ಲನ್ನು ಕಿತ್ತುಕೊಂಡು ಹೊರಡಬೇಕು. ಅದೆಲ್ಲ ತೊಡೆಯ ಕೆಲಸ. ಅದಕ್ಕೆಂದೇ ವಾರಕ್ಕೆ ಮೂರು ದಿನ ಹೆಗಲ ಮೇಲೆ ಕಬ್ಬಿಣ ಹೊತ್ತು ಕೂತು ಏಳುತ್ತಾರೆ. ಎರಡು ವರ್ಷದಲ್ಲಿ ಅವಳ ಕಾಲು ಹೇಗೆ ತುಂಬಿಕೊಂಡವೆಂದರೆ, ಅಂಗಡಿಯಲ್ಲಿ ಸಿಗುವ ಪ್ಯಾಂಟು ತೊಡೆಗೆ ಹಿಡಿಸಿದರೆ ಸೊಂಟದಲ್ಲಿ ಎರಡು ಕೈ ಹೋಗುವಷ್ಟು ಸಡಿಲ. ತೊಡೆಗಾಗಿ ದೊಡ್ಡದು ತಂದು ಸೊಂಟ ಹಿಡಿದುಕೊಡುವುದು ನನಗೆ ಮಾಮೂಲಾಗಿತ್ತು.

ಮೊದಮೊದಲು ಅವಳೇ ನಗುತ್ತಿದ್ದಳು. ಆಮೇಲೆ ಯಾವುದೋ ರೇಸಿನಲ್ಲಿ ಎರಡನೆಯವಳಾಗಿ ಬಂದಾಗ ಪೇಪರಿನಲ್ಲಿ ಫೋಟೋ ಬಂತು. ಕಾಲೇ ಮುಂದೆ, ಮುಖ ಹಿಂದೆ. ಕಾಲೇಜಿನ ಯಾರೋ ಆ ಫೋಟೋವನ್ನು ಫೋನಿನಲ್ಲಿ ಹಂಚಿಕೊಂಡು, ಇದು ಗಂಡೋ ಹೆಣ್ಣೋ ಹೇಳಿ ಎಂದು ಕೇಳಿದ್ದರಂತೆ. ಅವತ್ತಿಂದ ಗುಬ್ಬಿ ಬಾಗಿಲ ಹಿಂದಿನ ಕನ್ನಡಿಗೆ ಬೆನ್ನು ಹಾಕಿಯೇ ಓಡಾಡುತ್ತಿದ್ದಳು. ನಾನು ನೋಡಿದೆ. ನೋಡಿಯೂ, ವಯಸ್ಸಿನ ಹುಡುಗಿ, ತಾನೇ ಸರಿಹೋಗುತ್ತಾಳೆ ಅಂದುಕೊಂಡು ಮಷೀನು ತುಳಿದೆ.

ತಂಡದ ಆಯ್ಕೆಗೆ ಹನ್ನೆರಡು ದಿನ ಇದೆ ಎನ್ನುವಾಗ ಅವಳ ಕೋಚ್ ಮೇಡಂ ಎಳೆದರೆ ಹಿಗ್ಗುವ ದಪ್ಪನೆಯ ಬಟ್ಟೆ, ಕಾಗದದ ನಮೂನೆ ಎರಡನ್ನೂ ಕಳಿಸಿಕೊಟ್ಟರು. ಕುತ್ತಿಗೆಯಿಂದ ತೊಡೆಯ ನಡುವಿನವರೆಗೆ ಒಂದೇ ಬಟ್ಟೆ, ಉದ್ದ ತೋಳು, ಮುಂದೆ ಜಿಪ್ಪು. ಮೈಯಳತೆಗಿಂತ ಸರಿಯಾಗಿ ಒಂದು ಇಂಚು ಕಡಿಮೆ ಕತ್ತರಿಸಬೇಕು, ಮೈಗೆ ಅಂಟಿ ಕೂರಬೇಕು, ಗಾಳಿ ಒಳಹೋಗಬಾರದು ಎಂದು ಚೀಟಿಯಲ್ಲಿ ಬರೆದಿದ್ದರು. ಐನೂರು ಮೀಟರನ್ನು ಮೂವತ್ತೇಳು ಸೆಕೆಂಡಿನ ಒಳಗೆ ಮುಗಿಸಿದವರಿಗೆ ತಂಡದಲ್ಲಿ ಜಾಗ. ಗುಬ್ಬಿ ಅಭ್ಯಾಸದಲ್ಲಿ ಎರಡು ಸಲ ಆ ಗೆರೆ ದಾಟಿದ್ದಳು.

ಅವತ್ತು ಬೆಳಿಗ್ಗೆ ಅವಳನ್ನು ಕತ್ತರಿಸುವ ಮೇಜಿನ ಪಕ್ಕ ನಿಲ್ಲಿಸಿ ಅಳತೆ ತೆಗೆದೆ. ಮಾಮೂಲಿ ಬಟ್ಟೆಗಿಂತ ಜಾಸ್ತಿ ಅಳತೆ, ನನ್ನ ಎರಡೂ ಕೈಯಲ್ಲಿ ಟೇಪು. ಹಾಗಾಗಿ ಚೀಟಿ, ಪೆನ್ಸಿಲು ಅವಳೇ ಹಿಡಿದಳು. ಎದೆ, ಸೊಂಟ ಎಲ್ಲ ಸರಿಯಾಗಿಯೇ ಹೇಳಿದೆ. ತೊಡೆಗೆ ಟೇಪು ಸುತ್ತುವಾಗ ಅವಳ ಮೈ ಬಿಗಿದುಕೊಂಡಿತು. ತಲೆಯೆತ್ತಿದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದಳು, ಸೂಜಿ ಚುಚ್ಚಿಸಿಕೊಳ್ಳುವ ಮಗುವಿನ ಹಾಗೆ. ಟೇಪಿನಲ್ಲಿ ಇಪ್ಪತ್ನಾಲ್ಕು. ಇಪ್ಪತ್ತೆಂಟು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಹೇಳಿಬಿಟ್ಟಿತು. "ಇಪ್ಪತ್ತೆರಡೂವರೆ."

ಗುಬ್ಬಿ ಕಣ್ಣು ಬಿಟ್ಟಳು. "ನಿಜವಾಗ್ಲೂ? ದೊಡ್ಡಮ್ಮ, ಹೋದ ತಿಂಗ್ಳು ನಾನೇ ದಾರ ಸುತ್ತಿ ನೋಡಿದ್ದೆ, ಇಪ್ಪತ್ನಾಲ್ಕು ಇತ್ತು!"

"ದಾರದ ಅಳತೆ ಏನ್ ಅಳತೆನೇ. ಬರ್ಕೋ."

ಅವಳು ಬರೆದುಕೊಂಡಳು. ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಬರೆದದ್ದನ್ನು ತಿದ್ದಬೇಕು ಎಂದು ನಾನು ಅವಳ ಕೈಯಿಂದ ಪೆನ್ಸಿಲು ತೆಗೆದುಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಬ್ಯಾಂಕಿನಾಕೆ ನಿಂತಿದ್ದಳು. ಎದುರಿನ ಕಟ್ಟಡದ ಮೂರನೇ ಮಹಡಿಯವಳು, ಹತ್ತು ವರ್ಷದ ಗಿರಾಕಿ.

"ಅಯ್ಯೋ, ಗುಬ್ಬೀನಾ ಇದು? ಹಿಂದಿನಿಂದ ನೋಡಿ ಯಾರೋ ಹುಡುಗ ಅಂದ್ಕೊಂಡೆ. ಕಾಲು ನೋಡಿ, ಒಳ್ಳೇ ಕಂಬ! ಸಾಕು ನಿಲ್ಸೇ ಸೈಕಲ್ಲು. ನಾಳೆ ಯಾರಮ್ಮ ಮದ್ವೆ ಆಗ್ತಾರೆ?"

ನನಗೆ ಉರಿದುಹೋಯಿತು. "ಕಂಬಾನೇ ಅನ್ಕೊಳ್ಳಿ. ನಿಮ್ಮನೇಲಿ ನಿಲ್ಸೋಕೆ ಕಳಿಸ್ತಿಲ್ಲ. ಗಂಟೆಗೆ ಐವತ್ತು ಕಿಲೋಮೀಟರ್ ಓಡೋ ಕಂಬ ಅದು. ಲಿಫ್ಟ್ ಕೆಟ್ಟ ದಿನ ನೀವು ಮೂರು ಮಹಡಿ ಹತ್ತೋಕೆ ಎಷ್ಟು ಸಲ ಕೂತ್ಕೊಂಡ್ರಿ, ಅದನ್ನ ಹೇಳಿ ಮೊದ್ಲು."

"ನಾನು ಒಳ್ಳೇದಕ್ಕೇ ಹೇಳ್ದೆ."

"ನಿಮ್ಮ ಒಳ್ಳೇದನ್ನ ನಿಮ್ಮ ಪರ್ಸಿನಲ್ಲೇ ಇಟ್ಕೊಳ್ಳಿ!"

ಮಾತಿಗೆ ಮಾತು ಬೆಳೆಯಿತು. ಪಕ್ಕದ ಮನೆಯವರು ಕಿಟಕಿ ತೆಗೆದರು. ಹೊಲಿಯಲು ಕೊಟ್ಟಿದ್ದ ಕೋಟಿನ ಬಟ್ಟೆಯನ್ನು ಆಕೆ ಕಿತ್ತುಕೊಂಡು ಹೋದಳು. ನಾನು ಬಾಗಿಲು ದಡಾರನೆ ಹಾಕಿ ತಿರುಗಿ ನೋಡಿದರೆ ಗುಬ್ಬಿ ಆಗಲೇ ಚೀಲ ಹೆಗಲಿಗೇರಿಸಿ ಹಿಂಬಾಗಿಲಿಂದ ಹೋಗಿದ್ದಳು. ಅವತ್ತಿಂದ ಅವಳಿಗೆ ಟ್ರ್ಯಾಕಿನ ಹಾಸ್ಟೆಲಿನಲ್ಲೇ ವಾಸ, ತಯಾರಿಗೆ. ಚೀಟಿ ಬಟ್ಟೆಯ ಮೇಲೆ ಪಿನ್ನು ಹಾಕಿಕೊಂಡು ಕೂತಿತ್ತು. ಸಿಟ್ಟಿನಲ್ಲಿ ಎರಡು ದಾರ ತುಂಡಾಗುವ ಹಾಗೆ ಮಷೀನು ತುಳಿದೆನೇ ಹೊರತು ಆ ಚೀಟಿಯ ನೆನಪು ನನಗೆ ಬರಲಿಲ್ಲ.

ಒಂದು ವಾರದ ನಂತರ ಕತ್ತರಿಸಲು ಕೂತೆ. ಆ ನಡುವೆ ಮೂವತ್ತು ಜನರ ಅಳತೆಯಾದರೂ ತೆಗೆದಿದ್ದೆ. ಚೀಟಿ ನೋಡಿದೆ, ತೊಡೆ ಇಪ್ಪತ್ತೆರಡೂವರೆ. ಒಂದಿಂಚು ಕಳೆದು ಇಪ್ಪತ್ತೊಂದೂವರೆಗೆ ಕತ್ತರಿ ಹಾಕಿದೆ. ಚೀಟಿಯಲ್ಲಿ ಇದ್ದದ್ದು ಇದ್ದದ್ದೇ ಅಲ್ಲವೇ.

ಆ ವಾರದಲ್ಲಿ ಗುಬ್ಬಿ ಒಮ್ಮೆ ತಾಯಿಗೆ ಫೋನ್ ಮಾಡಿದ್ದಳು. ತಂಗಿ ನನಗೆ ಹೇಳಿದಳು. "ಅಕ್ಕ, ಅವ್ಳ ದನೀನೇ ಸರಿ ಇಲ್ಲ ಕಣೆ. ಊಟ ಆಯ್ತಾ ಅಂದ್ರೆ ಆಯ್ತು ಆಯ್ತು ಅಂತಾಳೆ. ಇನ್ನೂರು ರೋಗಿಗಳ ಊಟ ನೋಡ್ತೀನಿ ನಾನು. ಎರಡು ಸಲ ಆಯ್ತು ಅಂದೋರು ಯಾರೂ ಊಟ ಮಾಡಿರಲ್ಲ."

"ರೇಸಿನ ಭಯ ಇರ್ತದೆ ಬಿಡು," ಅಂದೆ ನಾನು.

ಆಯ್ಕೆಯ ದಿನ ಬೆಳಿಗ್ಗೆ ತಂಗಿಗೆ ರಜೆ ಸಿಗಲಿಲ್ಲ. ನಾನೇ ಬಟ್ಟೆ ತೆಗೆದುಕೊಂಡು ಎರಡು ಬಸ್ಸು ಬದಲಾಯಿಸಿ ಟ್ರ್ಯಾಕಿಗೆ ಹೋದೆ. ಹುಡುಗಿಯರ ಕೋಣೆ ಉದ್ದಕ್ಕೆ ಕಾರಿಡಾರಿನ ಹಾಗಿತ್ತು. ಎರಡು ಬೆಂಚು, ಗೋಡೆಗೆ ಮೊಳೆ, ಎಣ್ಣೆ ಮತ್ತು ಬೆವರಿನ ವಾಸನೆ. ಗುಬ್ಬಿಯನ್ನು ನೋಡಿದೆ. ಹನ್ನೆರಡು ದಿನಕ್ಕೆ ಕೆನ್ನೆ ಒಳಗೆ ಹೋಗಿತ್ತು, ತುಟಿ ಒಣಗಿತ್ತು.

"ತಾ ದೊಡ್ಡಮ್ಮ, ಹಾಕ್ಕೊತೀನಿ," ಎಂದು ಬಟ್ಟೆ ಕಸಿದುಕೊಂಡಳು. ಅಳತೆ ತೆಗೆದ ದಿನದ ಖುಷಿ ಅವಳ ಕಣ್ಣಲ್ಲಿ ಇನ್ನೂ ಇತ್ತು.

ಮಂಡಿ ದಾಟಿತು. ತೊಡೆಯ ಅರ್ಧಕ್ಕೆ ನಿಂತಿತು. ಅವಳು ಕುಣಿದಳು, ಎಳೆದಳು, ಬೆಂಚಿನ ಮೇಲೆ ಮಲಗಿ ಎಳೆದಳು. ಪಟ್ ಪಟ್ ಎಂದು ಒಳಹೊಲಿಗೆ ಎರಡು ಕಡೆ ಬಿಟ್ಟುಕೊಂಡಿತು. ಅಂಚಿನ ಎಲಾಸ್ಟಿಕ್ಕು ಚರ್ಮಕ್ಕೆ ಕಚ್ಚಿ ಕೆಂಪು ಗೆರೆ ಎದ್ದಿತು. ಅವಳು ಎಳೆಯುವುದನ್ನು ನಿಲ್ಲಿಸಿದಳು. ನಿಧಾನವಾಗಿ ಬಟ್ಟೆ ಬಿಚ್ಚಿ, ಮಡಿಸಿ, ಮೊಣಕಾಲ ಮೇಲೆ ಇಟ್ಟುಕೊಂಡು ಟವೆಲ್ ಹೊದ್ದು ಕೂತಳು.

"ಮತ್ತೆ ಬೆಳ್ದಿದೆ," ಅಂದಳು. "ರಾತ್ರಿ ಬರೀ ನೀರು ಕುಡಿದು ಮಲಗ್ತಿದ್ದೆ ದೊಡ್ಡಮ್ಮ. ಕಬ್ಬಿಣ ಎತ್ತೋ ಹೊತ್ತಿಗೆ ಹೊಟ್ಟೆನೋವು ಅಂತ ಸುಳ್ಳು ಹೇಳ್ತಿದ್ದೆ. ನೀನು ಕಡ್ಮೆ ಆಗಿದೆ ಅಂದಿದ್ದಕ್ಕೆ, ಇನ್ನೂ ಸ್ವಲ್ಪ ಬಿಟ್ರೆ ಇನ್ನೂ ಇಳೀತದೆ ಅಂದ್ಕೊಂಡೆ. ಏನೂ ತಿನ್ನದೇ ಇದ್ರೂ ಬೆಳೀತದೆ ಇದು. ನಂಗೆ ಬೇಡ ಇದು. ಮನೆಗೆ ಹೋಗೋಣ. ಇನ್ಮೇಲೆ ಸೈಕಲ್ ಬೇಡ."

ಚೀಲದಲ್ಲಿ ಕೈಹಾಕಿ ಚೀಟಿ ತೆಗೆದೆ. ಅದು ನನ್ನ ಅಕ್ಷರವಲ್ಲ. ಗುಬ್ಬಿಯ ಗುಂಡು ಗುಂಡಾದ ಅಕ್ಷರ. ಇಪ್ಪತ್ತೆರಡೂವರೆ. ಆಗ ಎಲ್ಲ ಒಟ್ಟಿಗೆ ನೆನಪಾಯಿತು. ಅವಳ ಮುಚ್ಚಿದ ಕಣ್ಣು, ನನ್ನ ಬಾಯಿ, ಬಾಗಿಲಲ್ಲಿ ಬ್ಯಾಂಕಿನಾಕೆ.

"ಬೆಳ್ದಿಲ್ಲ ಕಣೆ," ಅಂದೆ. "ಅವತ್ತೂ ಇಪ್ಪತ್ನಾಲ್ಕೇ ಇತ್ತು. ನಾನು ಸುಳ್ಳು ಹೇಳ್ದೆ. ಎಲ್ರಿಗೂ ಒಂದೂವರೆ ಇಂಚು ಕಡ್ಮೆ ಹೇಳ್ತೀನಿ, ಆಮೇಲೆ ಚೀಟೀಲಿ ಸರಿ ಬರೀತೀನಿ. ಅವತ್ತು ನೀನು ಬರ್ದೆ. ನಾನು ಜಗಳದಲ್ಲಿ ಮರೆತೆ."

ಅವಳು ನನ್ನನ್ನೇ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿಂಗೂ ನನ್ನ ಕಾಲು ಅಸಹ್ಯ ಅನ್ನಿಸ್ತಾ?"

"ಛೀ, ಏನ್ ಮಾತು ಅಂತ ಆಡ್ತೀಯೇ!"

"ಮತ್ತೆ ಯಾಕೆ ಕಡ್ಮೆ ಮಾಡ್ದೆ? ಚೆನ್ನಾಗಿದೆ ಅನ್ನಿಸಿದ್ರೆ ಯಾರಾದ್ರೂ ಕಡ್ಮೆ ಮಾಡಿ ಹೇಳ್ತಾರಾ? ಬ್ಯಾಂಕಿನಾಕೆ ಬಾಯಲ್ಲಿ ಹೇಳಿದ್ಳು. ನೀನು ಟೇಪಿನಲ್ಲಿ ಹೇಳ್ದೆ. ಅಷ್ಟೇ ವ್ಯತ್ಯಾಸ."

ಬೀದಿಯಲ್ಲಿ ಯಾರಿಗೂ ಮಾತು ಬಾಕಿ ಉಳಿಸಿಕೊಳ್ಳದವಳು ನಾನು. ಅವತ್ತು ಆ ಚೀಟಿಯನ್ನೇ ಮಡಿಸುತ್ತಾ ಬಿಚ್ಚುತ್ತಾ ಕೂತೆ. ಉಸಿರು ಬಿಗಿಹಿಡಿದು ನನ್ನೆದುರು ನಿಂತ ಅಷ್ಟೂ ಹೆಂಗಸರಿಗೆ ನಾನು ಉಪಕಾರ ಮಾಡುತ್ತಿದ್ದೇನೆ ಎಂದೇ ತಿಳಿದಿದ್ದೆ. ಆದರೆ ನಿಜದಲ್ಲಿ, ಹೌದು, ನೀನು ಉಸಿರು ಬಿಗಿಹಿಡಿಯಬೇಕಾದ್ದೇ ಎಂದು ಒಪ್ಪಿಕೊಂಡು ಕಳಿಸುತ್ತಿದ್ದೆ, ಅಷ್ಟೇ.

ಪಕ್ಕದ ಬೆಂಚಿನಲ್ಲಿ ಉದ್ದ ಜಡೆಯ ಹುಡುಗಿಯೊಬ್ಬಳು ಶೂ ಕಟ್ಟಿಕೊಳ್ಳುತ್ತಿದ್ದಳು. ತಂಡದಲ್ಲಿ ಎಲ್ಲರಿಗಿಂತ ವೇಗದವಳು ಅವಳೇ ಎಂದು ಗುಬ್ಬಿ ಹೇಳಿದ್ದಳು. ನಮ್ಮ ಮಾತು ಅವಳ ಕಿವಿಗೆ ಬಿದ್ದಿರಬೇಕು. ಎದ್ದು ಬಂದು ನನ್ನೆದುರು ಕಾಲು ಚಾಚಿದಳು. "ಆಂಟಿ, ನಂದು ಅಳೀರಿ. ನಿಮ್ಮ ಒಂದೂವರೆ ಇಂಚು ಡಿಸ್ಕೌಂಟು ಬೇಡ ನಂಗೆ."

ಹೊಲಿಗೆಯ ಸಾಮಾನು ಯಾವಾಗಲೂ ನನ್ನ ಚೀಲದಲ್ಲಿ ಇರುತ್ತದೆ. ಟೇಪು ಹಿಡಿದೆ. "ಇಪ್ಪತ್ತೈದೂಕಾಲು," ಎಂದೆ. ಇದ್ದದ್ದನ್ನು ಇದ್ದ ಹಾಗೆ.

"ಕಾಲಿಂಚು ಜಾಸ್ತಿ!" ಎಂದು ಅವಳು ಕಿರುಚಿದಳು. "ಏಯ್, ಕೇಳಿದ್ರೇನ್ರೇ, ಕಾಲಿಂಚು! ಮೂರು ತಿಂಗ್ಳು ಕಬ್ಬಿಣ ಹೊತ್ತಿದ್ದಕ್ಕೆ ಈಗ ಬಂತು ನೋಡು!"

ಇನ್ನಿಬ್ಬರು ಓಡಿಬಂದು ಸಾಲಾಗಿ ನಿಂತರು. ಇಪ್ಪತ್ಮೂರೂ ಮುಕ್ಕಾಲು, ಇಪ್ಪತ್ನಾಲ್ಕೂವರೆ. ಒಂದೊಂದು ಸಂಖ್ಯೆಗೂ ಕೂಗು, ಬೆನ್ನಿಗೆ ಗುದ್ದು. ನಾನು ಇಪ್ಪತ್ತೆಂಟು ವರ್ಷದಲ್ಲಿ ಹೆಚ್ಚು ಬಂದಿದ್ದಕ್ಕೆ ಕುಣಿದ ಹೆಂಗಸನ್ನು ನೋಡಿರಲಿಲ್ಲ. ಮೂಲೆಯಲ್ಲಿ ಒಬ್ಬಳು ಮಾತ್ರ ಟವೆಲ್ಲನ್ನು ಮಂಡಿಯವರೆಗೆ ಸುತ್ತಿಕೊಂಡು ಗೋಡೆ ನೋಡುತ್ತಾ ನಿಂತಿದ್ದಳು. ಅವಳನ್ನು ನಾನು ಕರೆಯಲಿಲ್ಲ.

ಗುಬ್ಬಿಯ ಮುಖ ಸಡಿಲವಾಗಲಿಲ್ಲ. "ಅವಳು ಗೆಲ್ಲೋಳು. ಗೆಲ್ಲೋರಿಗೆ ಎಲ್ಲ ಚೆಂದ," ಅಂದಳು ಮೆಲ್ಲಗೆ.

ಅಷ್ಟರಲ್ಲಿ ಕೋಚ್ ಮೇಡಂ ಬಾಗಿಲು ತೆಗೆದು ಇಣುಕಿದರು. "ಗುಬ್ಬಿ, ನಿಂದು ನಲವತ್ತು ನಿಮಿಷಕ್ಕೆ. ಇನ್ನೂ ಬಟ್ಟೆ ಹಾಕಿಲ್ವಾ?" ಹರಿದ ಹೊಲಿಗೆ, ನನ್ನ ಮುಖ ಎರಡನ್ನೂ ಒಮ್ಮೆ ನೋಡಿದರು. "ನಲವತ್ತು ನಿಮಿಷ," ಎಂದು ಮತ್ತೊಮ್ಮೆ ಹೇಳಿ ಹೋದರು.

ನಾನು ಬಟ್ಟೆ ಕೈಗೆ ತೆಗೆದುಕೊಂಡೆ. ಸೇರಿಸಲು ಬೇರೆ ಬಟ್ಟೆ ಇರಲಿಲ್ಲ. ಆದರೆ ಎರಡು ಉದ್ದ ತೋಳಿದ್ದವು. ತೋಳಿಲ್ಲದೆ ಸೈಕಲ್ ಓಡುತ್ತದೆ, ತೊಡೆಯಿಲ್ಲದೆ ಓಡುವುದಿಲ್ಲ. ಕತ್ತರಿ ತೆಗೆದು ಎರಡೂ ತೋಳನ್ನು ಭುಜದ ಹತ್ತಿರ ಕಚಕ್ ಎಂದು ಕತ್ತರಿಸಿದೆ. ತೊಡೆಯ ಒಳಹೊಲಿಗೆ ಪೂರ್ತಿ ಬಿಚ್ಚಿದೆ. "ಗುಬ್ಬಿ, ನೀನು ಓಡಿಸ್ತೀಯೋ ಬಿಡ್ತೀಯೋ ನಿನ್ನಿಷ್ಟ. ಬಟ್ಟೆ ಸರಿಮಾಡೋದು ನನ್ನ ಕೆಲ್ಸ. ಒಂದು ನಿಮಿಷ ಎದ್ದು ನಿಂತ್ಕೋ."

ಅವಳು ಕೂತೇ ಇದ್ದಳು. ಕೊನೆಗೆ ಎದ್ದಳು. ಈ ಸಲ ಕಣ್ಣು ಮುಚ್ಚಲಿಲ್ಲ. "ಅಳಿ. ಎಷ್ಟಿದ್ಯೋ ಅಷ್ಟು ಕೂಗು. ಎಲ್ರಿಗೂ ಕೇಳ್ಲಿ."

ಟೇಪು ಸುತ್ತಿದೆ. ಎರಡು ಸಲ ನೋಡಿದೆ. "ಇಪ್ಪತ್ಮೂರೂ ಮುಕ್ಕಾಲು."

"ಇಪ್ಪತ್ನಾಲ್ಕು ಇತ್ತು ಅಂದ್ಯಲ್ಲ?"

"ಇತ್ತು. ಹನ್ನೆರಡು ದಿನ ಉಪವಾಸ ಬಿದ್ದೆಯಲ್ಲ, ಕಾಲಿಂಚು ಹೋಗಿದೆ."

ಅವಳು ಬಗ್ಗಿ ತಾನೇ ಟೇಪು ನೋಡಿದಳು. ಇಪ್ಪತ್ನಾಲ್ಕರ ಗೆರೆಗೂ ತನ್ನ ಅಳತೆಯ ಗೆರೆಗೂ ನಡುವೆ ಉಳಿದ ಜಾಗದಲ್ಲಿ ಕಿರುಬೆರಳ ಉಗುರು ಇಟ್ಟಳು. ಉಗುರೇ ಸ್ವಲ್ಪ ದೊಡ್ಡದಿತ್ತು.

"ಇಷ್ಟೇನಾ?" ಅಂದಳು. "ಹನ್ನೆರಡು ರಾತ್ರಿಗೆ ಇಷ್ಟೇನಾ? ಹೊಟ್ಟೆ ಹಿಡ್ಕೊಂಡು ಅತ್ತಿದ್ದೀನಿ ದೊಡ್ಡಮ್ಮ. ಇಷ್ಟಕ್ಕಾ?" ಅವಳಿಗೆ ನಗು ಬಂತು, ನಗುತ್ತಲೇ ಅಳು ಬಂತು, ಮೂಗು ಒರೆಸಿಕೊಂಡು ಕೋಣೆಗೆಲ್ಲ ಕೇಳುವ ಹಾಗೆ ಕೂಗಿದಳು. "ಯಾರ ಹತ್ರ ಬಾಳೆಹಣ್ಣಿದೆ?"

ಮೂರು ಕಡೆಯಿಂದ ಬಾಳೆಹಣ್ಣು ಬಂತು.

ಜಡೆಯವಳು ಬಟ್ಟೆಯ ಒಂದು ತುದಿ ಎಳೆದು ಹಿಡಿದಳು. ನಾನು ತೋಳಿನ ಬಟ್ಟೆಯನ್ನು ಉದ್ದುದ್ದ ತುಂಡು ಮಾಡಿ ತೊಡೆಯ ಒಳಹೊಲಿಗೆ ಬಿಚ್ಚಿದ ಜಾಗಕ್ಕೆ ಸೇರಿಸಿ, ಎಳೆದರೂ ಬಿಡದ ಹಾಗೆ ಓರೆ ಓರೆಯಾಗಿ ಕೈಹೊಲಿಗೆ ಹಾಕಿದೆ. ಬೆರಳಿಗೆ ನಾಲ್ಕು ಸಲ ಚುಚ್ಚಿತು. ನೋಡಲು ತೇಪೆ ಹಾಕಿದ ಗೋಣಿಚೀಲದ ಹಾಗಿತ್ತು. ಆದರೆ ಕೂತಿತು.

ಅವಳು ಸೈಕಲ್ ಮೇಲೆ ನಿಂತದ್ದನ್ನು ನಾನು ತಂತಿಬೇಲಿಯ ಈಚೆಯಿಂದ ನೋಡಿದೆ. ಗಂಟೆ ಹೊಡೆಯಿತು. ಪೆಡಲಿನ ಮೇಲೆ ಎದ್ದು ನಿಂತಳು, ಎರಡೂ ತೊಡೆಗಳ ಮಾಂಸ ಹಗ್ಗದ ಹಾಗೆ ಹುರಿಗೊಂಡಿತು, ಸೈಕಲ್ಲು ನಿಂತಲ್ಲಿಂದ ಕಿತ್ತುಕೊಂಡು ಹೊರಟಿತು. ಅಷ್ಟು ಹೊತ್ತೂ ನಾನು ನೋಡಿದ್ದು ಅವಳ ಕಾಲನ್ನೇ. ಹೊಲಿಗೆಯ ಚಿಂತೆಯಲ್ಲ. ಅದನ್ನು ಹೇಗೆ ಹೇಳಬೇಕೋ ತಿಳಿಯದು. ಮೊದಲ ಸಲ ನೋಡಿದ ಹಾಗೆ ನೋಡಿದೆ. ಮೊದಲ ಸುತ್ತು ಚೆನ್ನಾಗಿತ್ತು. ಎರಡನೇ ಸುತ್ತಿನ ಕೊನೆಯಲ್ಲಿ ಹನ್ನೆರಡು ರಾತ್ರಿಯ ಹಸಿವು ಅವಳನ್ನು ಹಿಡಿದುಕೊಂಡಿತು. ದೂರದಿಂದಲೇ ಕಾಣುತ್ತಿತ್ತು.

ಮೂವತ್ತೇಳು ಪಾಯಿಂಟ್ ಮೂರು. ಬೇಕಿದ್ದದ್ದು ಮೂವತ್ತೇಳರ ಒಳಗೆ.

ಮೇಡಂ ಗಡಿಯಾರವನ್ನೂ ಅವಳನ್ನೂ ನೋಡಿದರು. "ಖಾಲಿ ಹೊಟ್ಟೇಲಿ ಇಷ್ಟು ಬಂದಿದ್ದೀಯ. ಹೊಟ್ಟೆನೋವು ಅಂತ ನಂಗೆ ಕಥೆ ಹೇಳ್ದೆ ಅಲ್ವಾ? ತಂಡದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೀನಿ. ಆರು ವಾರಕ್ಕೆ ಇನ್ನೊಂದು ಸಲ ಓಡಿಸ್ತೀನಿ. ಊಟ ಬಿಟ್ರೆ ಮಾತ್ರ ಇಲ್ಲಿ ಕಾಲಿಡಬೇಡ."

ಮನೆಗೆ ಬಂದ ಮೇಲೆ ಗುಬ್ಬಿ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ತಾಯಿಯ ಜೊತೆ ಮಾತಾಡಿದಳು, ಹಾಲಿನವನ ಜೊತೆ ಮಾತಾಡಿದಳು. ತಂಗಿ ಕೆಲಸದ ಪಾಳಿ ಬದಲಾಯಿಸಿಕೊಂಡು ರಾತ್ರಿ ಊಟಕ್ಕೆ ಎದುರು ಕೂರತೊಡಗಿದಳು. ನಾಲ್ಕನೇ ದಿನ ಬೆಳಿಗ್ಗೆ ಗುಬ್ಬಿ ನನ್ನ ಮಷೀನಿನ ಪಕ್ಕ ತಟ್ಟೆ ತಂದು ಕೂತಳು. ಮೂರು ಮೊಟ್ಟೆ. "ಒಂದು ಬೇಕಾ?" ಅಂದಳು. ಬೇಡ ಅನ್ನಲು ಧೈರ್ಯ ಬರಲಿಲ್ಲ, ತಿಂದೆ. ಎಲ್ಲ ಸರಿಹೋಯಿತು ಎಂದು ಹೇಳಲಾರೆ. ಕೆಲವು ರಾತ್ರಿ ಇನ್ನೂ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಿದ್ದಳು. ಆಮೇಲೆ ತಿನ್ನುತ್ತಿದ್ದಳು.

ಆರು ವಾರದ ಹೊತ್ತಿಗೆ ಹೊಸ ಬಟ್ಟೆಗೆ ಅಳತೆ. ನಾನು ತೊಡೆಗೆ ಟೇಪು ಸುತ್ತಿ ಬಾಯಿ ತೆರೆದೆ.

"ನೀನು ಹೇಳ್ಬೇಡ ದೊಡ್ಡಮ್ಮ. ನಾನೇ ನೋಡ್ತೀನಿ." ಬಗ್ಗಿ ನೋಡಿದಳು. "ಇಪ್ಪತ್ನಾಲ್ಕೂವರೆ." ಅವಳೇ ಬರೆದಳು. ಅವಳ ಮಾತು ಮನಸ್ಸಿಗೆ ನಾಟಿತು. ನಾಟಬೇಕಾದ್ದೇ. ಆ ಬಟ್ಟೆಯಲ್ಲಿ ಅವಳು ಮೂವತ್ತಾರು ಪಾಯಿಂಟ್ ಎಂಟಕ್ಕೆ ಮುಗಿಸಿದಳು. ತಂಡದ ಪಟ್ಟಿಯಲ್ಲಿ ಕೊನೆಯ ಹೆಸರು ಅವಳದ್ದು.

ಅದಾದ ವಾರಕ್ಕೆ ಬ್ಯಾಂಕಿನಾಕೆ ಅದೇ ಕೋಟಿನ ಬಟ್ಟೆ ಹಿಡಿದು ಬಂದು ನಿಂತಳು. ಬೇರೆ ಯಾರೋ ಅರ್ಧಂಬರ್ಧ ಕತ್ತರಿಸಿ ಕೆಡಿಸಿದ್ದರು. ಹಳೆಯ ಜಗಳದ ಮಾತು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಗುಬ್ಬಿ ಕತ್ತರಿಸುವ ಮೇಜಿನ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತು ಊಟ ಮಾಡುತ್ತಿದ್ದಳು. ಬ್ಯಾಂಕಿನಾಕೆಯ ಕಣ್ಣು ಆ ಕಾಲಿನ ಮೇಲೆ ಹೋಗಿ ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ನಾನು ಆಕೆಯ ಸೊಂಟಕ್ಕೆ ಟೇಪು ಹಾಕಿದೆ. ಆಕೆ ಉಸಿರು ಒಳಗೆಳೆದುಕೊಂಡಳು.

"ನಲವತ್ತೊಂದು," ಅಂದೆ.

"ಏನು? ಯಾವಾಗ್ಲೂ ಮೂವತ್ತೊಂಬತ್ತೂವರೆ ಅಲ್ವಾ ನಂದು?"

"ಯಾವಾಗ್ಲೂ ನಲವತ್ತೊಂದೇ. ನಾನು ಸುಳ್ಳು ಹೇಳ್ತಿದ್ದೆ. ಇನ್ಮೇಲೆ ಹೇಳಲ್ಲ. ಕೋಟು ನಿಮ್ಮ ಮೈಗೆ ಹೊಂದ್ಬೇಕು, ನೀವು ಕೋಟಿಗೋಸ್ಕರ ಉಸಿರು ಕಟ್ಟೋದಲ್ಲ."

ಆಕೆಯ ಮುಖ ಕೆಂಪಾಯಿತು. ಬಟ್ಟೆ ಕಿತ್ತುಕೊಂಡು ಹೋಗುತ್ತಾಳೆ ಅಂದುಕೊಂಡೆ. ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಷ್ಟು ನಿಜ ಹೇಳೋರಾದ್ರೆ ನಿಮ್ಮದೆಷ್ಟು ಹೇಳಿ ನೋಡೋಣ!"

ನನ್ನ ಅಳತೆ ತೆಗೆದು ಹದಿನೈದು ವರ್ಷವಾಗಿತ್ತು. ಹಳೆಯ ಬಟ್ಟೆಯನ್ನು ಮೇಲಿಟ್ಟು ಗೆರೆ ಎಳೆದು, ಪ್ರತಿ ಸಲವೂ ಕೈಯಂದಾಜಿಗೆ ಸ್ವಲ್ಪ ಬಿಟ್ಟು ಕತ್ತರಿಸುತ್ತಿದ್ದೆ. ಎಷ್ಟು ಬಿಡುತ್ತಿದ್ದೆ ಎಂದು ಲೆಕ್ಕ ಇಟ್ಟಿರಲಿಲ್ಲ. "ನನ್ನದು ಯಾಕೆ," ಎನ್ನುವಷ್ಟರಲ್ಲಿ ಗುಬ್ಬಿ ಮೇಜಿನಿಂದ ಧುಮುಕಿ ಕೈ ಒರೆಸಿಕೊಂಡು ನನ್ನ ಕುತ್ತಿಗೆಯಿಂದ ಟೇಪು ಎಳೆದುಕೊಂಡಳು. ನನ್ನನ್ನು ಬಾಗಿಲ ಹಿಂದಿನ ಕನ್ನಡಿಗೆ ಎದುರಾಗಿ ತಿರುಗಿಸಿ ನಿಲ್ಲಿಸಿದಳು. ಟೇಪು ಸೊಂಟ ಸುತ್ತಿ ಬಂತು. ತಣ್ಣಗಿತ್ತು.

"ದೊಡ್ಡಮ್ಮ," ಅಂದಳು ಗುಬ್ಬಿ, ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಾ. "ಉಸಿರು ಬಿಡು."